‘ಜಾರಿ ಬಿದ್ದೆ’ ಎಂದಳು, ಬರೆದುಕೊಂಡರು

ಐದೇ ವರ್ಷಗಳಲ್ಲಿ ಕರ್ನಾಟಕದ ಗಂಡಂದಿರು ಎರಡು ಪಟ್ಟು ಹೆಚ್ಚು ಕೈ ಮಾಡಲು ಶುರುಮಾಡಿದರೇ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಎರಡು ಸುತ್ತುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಹಾಗೆಯೇ ಕಾಣುತ್ತದೆ. 2015–16ರ ನಾಲ್ಕನೇ ಸುತ್ತಿನಲ್ಲಿ, ಗಂಡನಿಂದ ಎಂದಾದರೂ ಹಿಂಸೆ ಅನುಭವಿಸಿದ್ದೇವೆ ಎಂದ ರಾಜ್ಯದ ವಿವಾಹಿತ ಮಹಿಳೆಯರು ಶೇ 20.6. ಐದನೇ ಸುತ್ತಿನಲ್ಲಿ ಶೇ 44.4. ಇದೇ ಅವಧಿಯಲ್ಲಿ ದೇಶದ ಸರಾಸರಿ ಶೇ 31.2ರಿಂದ 29.3ಕ್ಕೆ ತುಸು ಇಳಿದಿತ್ತು. ಕೇರಳದಲ್ಲಿ ಅದು ಶೇ 10ರ ಒಳಗೆ ಬಂತು. ನಾವು ಮಾತ್ರ ಬಿಹಾರವನ್ನೂ ಹಿಂದಿಕ್ಕಿ ಪಟ್ಟಿಯ ತಲೆಗೆ ಹೋಗಿ ಕುಳಿತೆವು.

ಅಂಕಿ ಹೊರಬಿದ್ದಾಗ ಬಹಳ ಜನ ಕೊಟ್ಟ ಉತ್ತರ ಲಾಕ್‌ಡೌನ್. ಗಂಡಸರು ಮನೆಯಲ್ಲೇ ಉಳಿದರು, ಕೆಲಸ ಹೋಯಿತು, ಸಿಟ್ಟು ಹೆಂಡತಿಯ ಮೈಮೇಲೆ ಇಳಿಯಿತು ಎಂಬ ವಿವರಣೆ. ಕೇಳಲು ಒಪ್ಪುವಂತೆಯೇ ಇದೆ. ತೊಡಕು ಏನೆಂದರೆ, ಕರ್ನಾಟಕದಲ್ಲಿ ಸಮೀಕ್ಷೆಯವರು ಮನೆಮನೆ ಸುತ್ತಿದ್ದು 2019ರ ಜುಲೈಯಿಂದ ಡಿಸೆಂಬರ್‌ವರೆಗೆ. ಕೊರೊನಾ ಎಂಬ ಹೆಸರು ಆಗ ಇಲ್ಲಿ ಯಾರ ಬಾಯಲ್ಲೂ ಇರಲಿಲ್ಲ.

ಒಂದು ರಾಜ್ಯದ ಗಂಡಸರ ನಡತೆ ಐದು ವರ್ಷದಲ್ಲಿ ಹೀಗೆ ಹಾರುವುದಿಲ್ಲ. ಹಾರುವ ಸಾಧ್ಯತೆ ಇರುವುದು ಹೆಂಗಸರ ಹೇಳಿಕೆಗೆ, ಅಥವಾ ಅವರನ್ನು ಕೇಳುವ ರೀತಿಗೆ. ಹಗ್ಗ ಗಿಡ್ಡವಾಗಿದ್ದರೆ ಕೊಡ ಬರಿದೇ ಮೇಲೆ ಬರುತ್ತದೆ, ಬಾವಿ ಬತ್ತಿದೆ ಎಂದಲ್ಲ. ನಾಲ್ಕನೇ ಸುತ್ತಿನ ಶೇ 20ನ್ನು ನಾನು ಓದುವುದು ಹೀಗೆ. ಐದನೇ ಸುತ್ತಿನ 44 ಕೂಡ ಬಾವಿಯ ತಳ ಮುಟ್ಟಿದೆ ಎಂದು ಆಣೆ ಇಟ್ಟು ಹೇಳಲಾರೆ.

ಈ ಗುಮಾನಿಗೆ ಗಟ್ಟಿ ಪುರಾವೆ ಸಿಗುವುದು ಮಧ್ಯ ಅಮೆರಿಕದ ಪುಟ್ಟ ದೇಶ ನಿಕರಾಗುವಾದಲ್ಲಿ. 1990ರ ದಶಕದಲ್ಲಿ ಅಲ್ಲಿ ಒಂದೇ ವಿಷಯದ ಮೇಲೆ ಮೂರು ಸಮೀಕ್ಷೆಗಳು ನಡೆದವು. ಗಂಡ ಅಥವಾ ಸಂಗಾತಿಯಿಂದ ಎಂದಾದರೂ ಹೊಡೆತ ತಿಂದವರ ಪ್ರಮಾಣ ಲಿಯೋನ್ ನಗರದ ಅಧ್ಯಯನದಲ್ಲಿ ಶೇ 52, ರಾಜಧಾನಿ ಮನಾಗುವಾದಲ್ಲಿ ಶೇ 69, ಇಡೀ ದೇಶದ ಆರೋಗ್ಯ ಸಮೀಕ್ಷೆಯಲ್ಲಿ ಬರೀ 28. ಮೇರಿ ಎಲ್ಸ್‌ಬರ್ಗ್ ಮತ್ತು ಸಂಗಡಿಗರು ಮೂರನ್ನೂ ತುಲನೆ ಮಾಡಿ 2001ರಲ್ಲಿ ಬರೆದರು. ದೊಡ್ಡ ಸಮೀಕ್ಷೆಯಲ್ಲಿ ಹೇಳಿಕೊಳ್ಳಲು ಸಿಕ್ಕ ಅವಕಾಶ ಕಡಿಮೆ, ಏಕಾಂತ ಕಡಿಮೆ, ಕೇಳುವವರ ತಯಾರಿಯೂ ಕಡಿಮೆ ಎಂಬುದು ಅವರ ತೀರ್ಮಾನ. ನೂರಾರು ಪ್ರಶ್ನೆಗಳ ನಡುವೆ ಇದೂ ಒಂದು ಎಂಬಂತೆ ಕೇಳಿದರೆ ‘ಇಲ್ಲ’ ಎನ್ನುವುದೇ ಹಗುರ.

ಲಿಯೋನ್ ಅಧ್ಯಯನದ ವಿಶೇಷ ಇನ್ನೊಂದಿದೆ. ಅದನ್ನು ವಿಶ್ವವಿದ್ಯಾಲಯದವರು ತಾವಷ್ಟೇ ಕೂತು ಹೊಸೆಯಲಿಲ್ಲ. ಹಿಂಸೆಯ ವಿರುದ್ಧ ಹೋರಾಡುತ್ತಿದ್ದ ಮಹಿಳೆಯರ ಜಾಲವೂ ಜೊತೆಗಿತ್ತು. ಗಂಡ ಹೊಡೆದ ಮೇಲೆ ತೋರುವ ಪ್ರೀತಿಯನ್ನು ‘ನರಕದಲ್ಲಿ ಕೊಡುವ ಮಿಠಾಯಿ’ ಎಂದು ಒಬ್ಬ ಮಹಿಳೆ ಹೇಳಿದ್ದಳು, ಆ ಮಾತೇ ವರದಿಯ ಹೆಸರಾಯಿತು. 1996ರಲ್ಲಿ ನಿಕರಾಗುವಾದ ಸಂಸತ್ತು ಕೌಟುಂಬಿಕ ಹಿಂಸೆಯ ವಿರುದ್ಧದ ಕಾನೂನನ್ನು ಅವಿರೋಧವಾಗಿ ಒಪ್ಪಿತು. ಒಂದು ನಗರದ ಐನೂರರಷ್ಟೂ ಇಲ್ಲದ ಮಹಿಳೆಯರ ಹೇಳಿಕೆಗೆ ಅಷ್ಟು ತೂಕ ಬಂದದ್ದು ಅಂಕಿಯ ಬಲದಿಂದ ಮಾತ್ರವಲ್ಲ. ಅಂಕಿಯ ಹಿಂದೆ ನಿಂತು, ಅದನ್ನು ಹಿಡಿದು ಸಂಸತ್ತಿನ ಬಾಗಿಲು ಬಡಿಯುವ ಜನ ಮೊದಲ ದಿನದಿಂದಲೇ ಇದ್ದರು.

ಯಾರ ಬಗ್ಗೆ ಸಂಶೋಧನೆಯೋ ಅವರೂ ಸಂಶೋಧನೆಯ ಒಳಗಿರಬೇಕು ಎಂಬ ಮಾತು ವೈದ್ಯಕೀಯ ಲೋಕಕ್ಕೆ ಸಂಪೂರ್ಣ ಹೊಸದೇನಲ್ಲ. 1983ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಏಡ್ಸ್ ಪೀಡಿತರ ಒಂದು ಸಣ್ಣ ಗುಂಪು, ನಮ್ಮನ್ನು ಬಲಿಪಶುಗಳೆಂದು ಕರೆಯಬೇಡಿ, ತೀರ್ಮಾನ ತೆಗೆದುಕೊಳ್ಳುವ ಪ್ರತಿ ಹಂತದಲ್ಲೂ ನಮಗೆ ಜಾಗ ಕೊಡಿ ಎಂದು ಲಿಖಿತವಾಗಿ ಕೇಳಿತು. ಬ್ರಿಟನ್ನಿನಲ್ಲಿ ಇದಕ್ಕೆಂದೇ 1996ರಿಂದ ಸರ್ಕಾರದ್ದೇ ಒಂದು ವ್ಯವಸ್ಥೆ ಇದೆ. ಅಲ್ಲಿ ಇಂದು ಸಾರ್ವಜನಿಕ ಹಣದಲ್ಲಿ ಸಂಶೋಧನೆ ಮಾಡಬೇಕೆನ್ನುವವರು, ರೋಗಿಗಳನ್ನು ಯಾವ ಹಂತದಲ್ಲಿ ಹೇಗೆ ಸೇರಿಸಿಕೊಂಡಿರಿ ಎಂಬ ಪ್ರಶ್ನೆಗೆ ಅರ್ಜಿಯಲ್ಲೇ ಉತ್ತರಿಸಬೇಕು. ಸಕ್ಕರೆ ಕಾಯಿಲೆ, ಸಂಧಿವಾತಗಳಲ್ಲಿ ಇದು ಈಗ ಮಾಮೂಲು. ಮನೆಯೊಳಗಿನ ಹಿಂಸೆಯ ವಿಷಯಕ್ಕೆ ಬಂದಾಗ ಮಾತ್ರ ಸಂಶೋಧಕರು ಹಿಂಜರಿಯುತ್ತಾರೆ. ಪಾಪ, ನೊಂದವಳು, ಮತ್ತೆ ಕೆದಕುವುದು ಬೇಡ ಎನ್ನುತ್ತಾರೆ. ಈ ಕನಿಕರದಲ್ಲಿ ಅರ್ಧ ನಿಜ, ಅರ್ಧ ಅನುಕೂಲ ಎಂದು ನನ್ನ ಅಭಿಪ್ರಾಯ. ಅವಳಿಗೆ ಏನು ಅಪಾಯ ಎಂಬುದು ಅವಳಷ್ಟು ಚೆನ್ನಾಗಿ ಇನ್ನಾರಿಗೂ ತಿಳಿದಿರುವುದಿಲ್ಲ.

ಇಂಥ ಸಂಶೋಧನೆಗೆಂದು ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಹೊರತಂದ ಸುರಕ್ಷತಾ ನಿಯಮಗಳನ್ನು ಓದಿದರೆ ಇದು ಸ್ಪಷ್ಟವಾಗುತ್ತದೆ. ಒಂದು ಮನೆಯಲ್ಲಿ ಒಬ್ಬಳನ್ನಷ್ಟೇ ಮಾತನಾಡಿಸಬೇಕು. ಅತ್ತೆ, ನಾದಿನಿಗೂ ಅದೇ ಪ್ರಶ್ನೆ ಕೇಳಿದರೆ ಸಂಜೆ ಮನೆಯಲ್ಲಿ ಗುಟ್ಟು ಉಳಿಯುವುದಿಲ್ಲ. ಸಮೀಕ್ಷೆಯ ಹೆಸರಲ್ಲಿ ‘ಹಿಂಸೆ’ ಎಂಬ ಮಾತೇ ಬರಬಾರದು, ಮಹಿಳೆಯರ ಆರೋಗ್ಯ ಮತ್ತು ಜೀವನಾನುಭವ ಎಂದು ಕರೆಯಿರಿ. ಮಾತಿನ ನಡುವೆ ಯಾರಾದರೂ ಒಳಗೆ ಬಂದರೆ ತಕ್ಷಣ ವಿಷಯ ಬದಲಿಸಲು ಮುಟ್ಟು, ಮಗುವಿನ ಹಾಲು ಇತ್ಯಾದಿಗಳ ಇನ್ನೊಂದು ಪ್ರಶ್ನೆಪಟ್ಟಿ ಕೈಯಲ್ಲಿರಲಿ. ಕೇಳುವ ಹುಡುಗಿಯರಿಗೂ ರಾತ್ರಿ ನಿದ್ದೆ ಬಾರದೆ ಹೋಗಬಹುದು, ಅವರನ್ನೂ ನೋಡಿಕೊಳ್ಳಿ. ಇವು ಗ್ರಂಥಾಲಯದಲ್ಲಿ ಕೂತು ಹೊಳೆಯುವ ಉಪಾಯಗಳಲ್ಲ. ಹಲವು ದೇಶಗಳ ಮಹಿಳಾ ಸಂಘಟನೆಗಳು, ಏಟು ತಿಂದವರು, ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳಿದವರು ಕಲಿತದ್ದು. ಇದೇ ನಿಯಮಗಳ ಮೇಲೆ ಹತ್ತು ದೇಶಗಳ 24 ಸಾವಿರ ಮಹಿಳೆಯರನ್ನು ಮಾತನಾಡಿಸಿ 2005ರಲ್ಲಿ ವರದಿ ಬಂತು. ಸಂಗಾತಿಯಿಂದ ಹಿಂಸೆ ಅನುಭವಿಸಿದವರ ಪ್ರಮಾಣ ಜಾಗದಿಂದ ಜಾಗಕ್ಕೆ ಶೇ 15ರಿಂದ ಶೇ 71ರವರೆಗೆ ಇತ್ತು.

ನಮ್ಮ ರಾಷ್ಟ್ರೀಯ ಸಮೀಕ್ಷೆಯೂ ಈ ಭಾಗಕ್ಕೆ ಮನೆಗೊಬ್ಬಳನ್ನೇ ಆರಿಸುತ್ತದೆ, ಏಕಾಂತ ಸಿಗದಿದ್ದರೆ ಪ್ರಶ್ನೆ ಕೈಬಿಡುತ್ತದೆ. ‘ನಿಮ್ಮ ಮೇಲೆ ಹಿಂಸೆ ಆಗಿದೆಯೇ’ ಎಂದು ಕೇಳುವುದಿಲ್ಲ. ಕೆನ್ನೆಗೆ ಹೊಡೆದರೇ, ಕೈ ತಿರುಚಿದರೇ, ಜುಟ್ಟು ಹಿಡಿದು ಎಳೆದರೇ, ಒದ್ದರೇ, ಕತ್ತು ಹಿಸುಕಿದರೇ ಎಂದು ಒಂದೊಂದಾಗಿ ಕೇಳುತ್ತದೆ. ಇದಕ್ಕೆ ಕಾರಣವಿದೆ. ‘ಎರಡೇಟು ಕೊಟ್ಟರು, ಅಷ್ಟೇ’ ಎನ್ನುವವಳು ಅದನ್ನು ಹಿಂಸೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಅತ್ತೆ ಮಾವನಿಗೆ ಅಗೌರವ ತೋರಿದರೆ, ಅಡುಗೆ ಕೆಟ್ಟರೆ, ಹೇಳದೆ ಹೊರಗೆ ಹೋದರೆ, ಹೀಗೆ ಏಳು ಕಾರಣಗಳಲ್ಲಿ ಒಂದಕ್ಕಾದರೂ ಹೆಂಡತಿಗೆ ಹೊಡೆಯುವುದು ಸರಿ ಎಂದು ಐದನೇ ಸುತ್ತಿನಲ್ಲಿ ಕರ್ನಾಟಕದ ಶೇ 77ರಷ್ಟು ಹೆಂಗಸರು, ಶೇ 82ರಷ್ಟು ಗಂಡಸರು ಹೇಳಿದ್ದಾರೆ. ಈ ಗಾಳಿಯಲ್ಲಿ ಉಸಿರಾಡುವವಳನ್ನು ನಾವು ಪ್ರಶ್ನಾವಳಿ ಹಿಡಿದು ಮಾತನಾಡಿಸುತ್ತಿದ್ದೇವೆ.

ಬೆಂಗಳೂರಿನದೇ ಒಂದು ಉದಾಹರಣೆ ನೋಡಿ. 2005–06ರಲ್ಲಿ ಸುನೀತಾ ಕೃಷ್ಣನ್ ಮತ್ತಿತರ ಸಂಶೋಧಕರು ನಗರದ ಕೊಳೆಗೇರಿಗಳ 744 ಯುವ ವಿವಾಹಿತೆಯರನ್ನು ‘ಸಮತಾ’ ಎಂಬ ಅಧ್ಯಯನಕ್ಕಾಗಿ ಕಾಲಕಾಲಕ್ಕೆ ಮಾತನಾಡಿಸಿದರು. ಅವರಲ್ಲಿ ಶೇ 56 ಮಂದಿ ಎಂದಾದರೂ ಹೊಡೆತ ತಿಂದವರು. ಇಷ್ಟೇ ಆಗಿದ್ದರೆ ಅದು ಇನ್ನೊಂದು ಅಂಕಿ. ಸಂಶೋಧಕರನ್ನು ತಬ್ಬಿಬ್ಬು ಮಾಡಿದ್ದು ಬೇರೆ. ಮನೆಯವರು ನೋಡಿ ಮಾಡಿದ ಮದುವೆಗಿಂತ ಲವ್ ಮ್ಯಾರೇಜ್ ಆದವರಲ್ಲಿ ಹಿಂಸೆ ಹೆಚ್ಚಿತ್ತು. ಮದುವೆಯ ನಂತರವೂ ವರದಕ್ಷಿಣೆ ಕೇಳಿದ ಮನೆಗಳಲ್ಲಿ ಹೆಚ್ಚಿತ್ತು, ಅದು ನಿರೀಕ್ಷಿತ. ಆದರೆ ಸಂಘಗಳಿಗೆ ಸೇರಿದವರಲ್ಲೂ ಹೆಚ್ಚು, ಹೊಲಿಗೆಯಂಥ ಕಸುಬಿನ ತರಬೇತಿಗೆ ಹೋದವರಲ್ಲಿ ಇನ್ನೂ ಹೆಚ್ಚು. ಸಬಲೀಕರಣ ಎಂದು ಯಾವುದನ್ನು ಸರ್ಕಾರವೂ ಸಂಸ್ಥೆಗಳೂ ಹಂಚುತ್ತಾ ಬಂದಿವೆಯೋ ಅದೇ ಏಟಿನ ಪಕ್ಕದಲ್ಲಿ ನಿಂತಿತ್ತು.

ಇದಕ್ಕೆ ಎರಡು ಅರ್ಥ ಹೇಳಬಹುದು. ಹೆಂಡತಿ ಹೊರಗೆ ಕಾಲಿಟ್ಟದ್ದು ಗಂಡನಿಗೆ ಚುಚ್ಚಿತು ಎಂಬುದು ಒಂದು. ಮನೆಯ ಹಿಂಸೆ ತಾಳದೆಯೇ ಅವಳು ಸಂಘಕ್ಕೆ, ತರಬೇತಿಗೆ ಹೋದಳು ಎಂಬುದು ಇನ್ನೊಂದು. ಲವ್ ಮ್ಯಾರೇಜ್ ಆದವಳಿಗೆ ತವರಿನ ಬಾಗಿಲು ಮುಚ್ಚಿರುತ್ತದೆ, ಅದು ಗಂಡನಿಗೂ ಗೊತ್ತಿರುತ್ತದೆ ಎಂಬ ವಿವರಣೆ ನಮ್ಮ ಯಾವ ಬೀದಿಯ ಹೆಂಗಸಾದರೂ ಅರೆಕ್ಷಣದಲ್ಲಿ ಕೊಟ್ಟಾಳು. ಗಣಕಯಂತ್ರ ಸಂಬಂಧವನ್ನು ತೋರಿಸಿ ಸುಮ್ಮನಾಗುತ್ತದೆ. ಯಾವ ಅರ್ಥ ಎಷ್ಟು ಮನೆಗಳಿಗೆ ಸರಿ ಎಂಬುದನ್ನು ಬಿಡಿಸಲು ಆ ಮನೆಗಳಲ್ಲಿ ಬಾಳಿದವರೇ ಬೇಕು, ಅದೂ ಪ್ರಶ್ನೆ ರೂಪುಗೊಳ್ಳುವ ಹೊತ್ತಿಗೇ.

ಇನ್ನು ಆಸ್ಪತ್ರೆಗೆ ಬರೋಣ. ಹಿಂಸೆ ಅನುಭವಿಸಿದ ಭಾರತೀಯ ಮಹಿಳೆಯರಲ್ಲಿ ಯಾರಿಂದಲಾದರೂ ಸಹಾಯ ಕೇಳಿದವರು ಶೇ 14, ಯಾರಿಗೂ ಹೇಳದೆ ನುಂಗಿಕೊಂಡವರು ಶೇ 77. ಕೇಳಿದವರೂ ಬಹುಪಾಲು ತವರಿಗೆ ಹೇಳಿದ್ದಾರೆ. ಪೊಲೀಸರಿಗೆ, ವೈದ್ಯರಿಗೆ ಹೇಳಿದವರು ತೀರ ಕಡಿಮೆ. ಆದರೂ ಇವರೆಲ್ಲ ಒಂದಲ್ಲ ಒಂದು ದಿನ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ. ಹೆರಿಗೆಗೆ, ಗರ್ಭಪಾತವಾಗಿ, ವಾಸಿಯಾಗದ ಬೆನ್ನುನೋವಿಗೆ, ನಿದ್ದೆ ಬಾರದ್ದಕ್ಕೆ, ಬೆಳೆಗೆ ಹೊಡೆಯುವ ಔಷಧಿ ಕುಡಿದು, ತುಟಿ ಒಡೆದುಕೊಂಡು. ಠಾಣೆಗೆ ಹೋಗಲು ಮನೆಯವರ ಒಪ್ಪಿಗೆ ಸಿಗದು, ಆಸ್ಪತ್ರೆಗೆ ಹೋಗುತ್ತೇನೆ ಎಂದರೆ ಸಿಗುತ್ತದೆ.

ಕ್ಯಾಶುವಾಲ್ಟಿಯಲ್ಲಿ ಡ್ಯೂಟಿ ಡಾಕ್ಟರ್ ಕೇಳುತ್ತಾರೆ: ‘ಏನಾಯ್ತಮ್ಮಾ?’ ಪಕ್ಕದಲ್ಲೇ ಗಂಡ ನಿಂತಿರುತ್ತಾನೆ, ಇಲ್ಲವೇ ಅತ್ತೆ. ‘ಬಚ್ಚಲಲ್ಲಿ ಜಾರಿ ಬಿದ್ದೆ ಸಾರ್.’ ಹೊರಗೆ ಇನ್ನೂ ಮೂವತ್ತು ಜನ ಕಾದಿದ್ದಾರೆ. ಕೇಸ್ ಶೀಟಿನಲ್ಲಿ ‘ಜಾರಿ ಬಿದ್ದ ಗಾಯ’ ಎಂದು ಇಳಿಯುತ್ತದೆ, ಟಿಟಿ ಚುಚ್ಚಿ, ಹೊಲಿಗೆ ಹಾಕಿ ಕಳಿಸುತ್ತಾರೆ. ಬಚ್ಚಲಲ್ಲಿ ಜಾರಿದರೆ ಮುಂಗೈಯ ಒಳಬದಿಯಲ್ಲಿ ಬೆರಳಿನ ಗುರುತು ಮೂಡುವುದಿಲ್ಲ ಎಂಬುದು ಆ ವೈದ್ಯರಿಗೆ ಗೊತ್ತಿಲ್ಲವೆಂದಲ್ಲ. ಕೇಳಿದರೆ ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ಮಾಡಬೇಕು, ಔಟ್‌ಪೋಸ್ಟಿನ ಪೊಲೀಸರು ಬರಬೇಕು, ಮುಂದೊಂದು ದಿನ ಸಾಕ್ಷಿ ಹೇಳಲು ಕೋರ್ಟಿಗೆ ಅಲೆಯಬೇಕು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಠಾಣೆಯಲ್ಲಿ, ಆಸ್ಪತ್ರೆಯಲ್ಲಿ, ರಾಜಿ ಪಂಚಾಯ್ತಿಯಲ್ಲಿ ಅಘೋಷಿತ ಸುತ್ತೋಲೆಯಾಗಿ ಓಡಾಡುತ್ತಿದೆ.

ಈ ಸುತ್ತೋಲೆಯ ಬೆಲೆ ಎಷ್ಟೆಂದು ಸುಟ್ಟಗಾಯದ ವಾರ್ಡಿಗೆ ಹೋದವರಿಗೆ ಗೊತ್ತು. 1979ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ವಿಮೋಚನಾ’ ಸಂಘಟನೆಯವರು 90ರ ದಶಕದ ಕೊನೆಯಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆ ವಾರ್ಡಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಕೂತರು. ಪೊಲೀಸ್ ಕಡತದಲ್ಲಿ ‘ಸ್ಟವ್ ಸಿಡಿದು’, ‘ಅಡುಗೆಮನೆಯ ಆಕಸ್ಮಿಕ’ ಎಂದು ಮುಚ್ಚಿಹೋಗುತ್ತಿದ್ದ ಸಾವುಗಳ ಹಿಂದಿನ ಕಥೆಯನ್ನು, ಸಾಯುವ ಮುನ್ನ ಹೆಣ್ಣುಮಕ್ಕಳು ಹೇಳಿದ್ದನ್ನು, ಹೇಳಿ ಮತ್ತೆ ಮಕ್ಕಳ ಮುಖ ನೋಡಿ ಬದಲಿಸಿದ್ದನ್ನು ಕೇಳಿಸಿಕೊಂಡರು. ಅದನ್ನು ಸಂಶೋಧನೆ ಎಂದು ಆಗ ಯಾರೂ ಕರೆಯಲಿಲ್ಲ. ಸೊಸೆಯರು ಅಡುಗೆ ಮಾಡುವಾಗ ಮಾತ್ರ ಸಿಡಿದು, ಅತ್ತೆಯರು ಮಾಡುವಾಗ ಸುಮ್ಮನಿರುವ ಸ್ಟವ್ ಯಾವ ಕಂಪನಿಯದು ಎಂಬ ಪ್ರಶ್ನೆಯನ್ನು ಯಾವ ತನಿಖಾಧಿಕಾರಿಯೂ ಕೇಳಿದಂತಿಲ್ಲ. ಆಮೇಲೆ 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಾಚಿ ಸಂಘವಿ, ಕವಿ ಭಲ್ಲಾ, ವೀಣಾ ದಾಸ್ ಲೆಕ್ಕ ಹಾಕಿ ತೋರಿಸಿದರು: 2001ನೇ ಇಸವಿಯೊಂದರಲ್ಲೇ ಭಾರತದಲ್ಲಿ ಬೆಂಕಿಗೆ ಬಲಿಯಾದವರು ಅಂದಾಜು 1,63,000 ಮಂದಿ, ಅವರಲ್ಲಿ 1,06,000 ಹೆಂಗಸರು, ಬಹುಪಾಲು 15ರಿಂದ 34ರ ವಯಸ್ಸಿನವರು. ಪೊಲೀಸರ ಲೆಕ್ಕಕ್ಕಿಂತ ಇದು ಆರು ಪಟ್ಟು. ವಾರ್ಡಿನ ಹಾಸಿಗೆಯ ಬಳಿ ಕೂತವರಿಗೆ ಅಂಕಿ ಬರುವ ಹತ್ತು ವರ್ಷ ಮೊದಲೇ ವಿಷಯ ತಿಳಿದಿತ್ತು.

ಮಾನಸಿಕ ಚಿಕಿತ್ಸೆಯಲ್ಲಿ ತೊಡಕು ಇನ್ನೂ ಸೂಕ್ಷ್ಮ. ಅಲ್ಲಿ ರೋಗಿಯ ಕಥೆಯನ್ನು ಹೇಳುವುದು ಜೊತೆಗೆ ಬಂದವರು. ‘ರಾತ್ರಿಯೆಲ್ಲ ಅಳ್ತಾಳೆ, ಅಡುಗೆ ಮಾಡಲ್ಲ, ಎದುರು ಮಾತಾಡ್ತಾಳೆ’ ಎಂದು ಗಂಡ ಕೊಟ್ಟ ಮಾಹಿತಿಯೇ ಕಡತವಾಗುತ್ತದೆ. ನಿಮ್ಹಾನ್ಸ್‌ನಲ್ಲಿ ಪ್ರಭಾ ಚಂದ್ರ ಮತ್ತು ತಂಡ, ದಾಖಲಾದ 146 ಮಹಿಳೆಯರನ್ನೇ ನೇರವಾಗಿ ಕೇಳಿದಾಗ 50 ಮಂದಿ ಲೈಂಗಿಕ ಬಲಾತ್ಕಾರದ ಅನುಭವ ಹೇಳಿಕೊಂಡರು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ವಿಷಯದಲ್ಲಿ ಅದನ್ನು ಮಾಡಿದವನು ಗಂಡ. ಹೆಚ್ಚಿನವರು ಅದುವರೆಗೆ ಯಾರಿಗೂ ಹೇಳಿರಲಿಲ್ಲ. 2003ರಲ್ಲಿ ಪ್ರಕಟವಾದ ಈ ಅಧ್ಯಯನ ಓದುವಾಗ ಕಾಡುವುದು ಒಂದೇ: ತೀವ್ರ ಮಾನಸಿಕ ಕಾಯಿಲೆಯವರ ಮಾತಿಗೆ ಬೆಲೆ ಇಲ್ಲವೆಂದುಕೊಂಡು ಎಷ್ಟು ದಶಕ ಕಡತಗಳನ್ನು ತುಂಬಿದೆವು!

ಹಾಗಾದರೆ ಬಂದ ಹೆಂಗಸರನ್ನೆಲ್ಲ ಕೇಳಿಬಿಟ್ಟರೆ ಆಯಿತಲ್ಲ? ಆಗದು. ಕೆನಡಾದ ಆಂಟೇರಿಯೊದಲ್ಲಿ ಹ್ಯಾರಿಯೆಟ್ ಮ್ಯಾಕ್‌ಮಿಲನ್ ತಂಡ ಆರು ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ಇದನ್ನು ಪರೀಕ್ಷಿಸಿ 2009ರಲ್ಲಿ ವರದಿ ಮಾಡಿತು. ಬರೀ ಪ್ರಶ್ನಾವಳಿ ಕೊಟ್ಟು, ಉತ್ತರವನ್ನು ವೈದ್ಯರ ಕೈಗಿಟ್ಟರೆ ಮುಂದಿನ ಹಿಂಸೆಯೇನೂ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಕೇಳಿದ ಮೇಲೆ ಮಾಡುವುದೇನು ಎಂದು ಗೊತ್ತಿಲ್ಲದವರು ಕೇಳಿ ಏನು ಪ್ರಯೋಜನ? ಅದೇ ಬ್ರಿಟನ್ನಿನ ಬ್ರಿಸ್ಟಲ್ ಮತ್ತು ಲಂಡನ್ನಿನ ಹ್ಯಾಕ್ನಿಯಲ್ಲಿ ಜೀನ್ ಫೆಡರ್ ಅವರ ತಂಡ ಬೇರೆ ದಾರಿ ಹಿಡಿಯಿತು. 24 ಚಿಕಿತ್ಸಾಲಯಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ, ಕಂಪ್ಯೂಟರಿನಲ್ಲಿ ನೆನಪಿಸುವ ಒಂದು ಸೂಚನೆ, ಎಲ್ಲಕ್ಕಿಂತ ಮುಖ್ಯವಾಗಿ ಹೆಸರು ಗೊತ್ತಿರುವ, ಫೋನ್ ಮಾಡಿದರೆ ಬರುವ ಒಬ್ಬ ಮಹಿಳಾ ಕಾರ್ಯಕರ್ತೆ. ಒಂದು ವರ್ಷದಲ್ಲಿ ಈ ಚಿಕಿತ್ಸಾಲಯಗಳಿಂದ 223 ಮಹಿಳೆಯರನ್ನು ನೆರವಿಗೆ ಕಳಿಸಲಾಯಿತು. ತರಬೇತಿ ಇಲ್ಲದ ಇನ್ನು 24ರಿಂದ ಹೋದವರು 12 ಮಂದಿ. ವೈದ್ಯರು ದಯಾಳುಗಳಾಗಿಬಿಟ್ಟರು ಎಂದಲ್ಲ, ಕೇಳಿದ ನಂತರ ಕಳಿಸಲು ಒಂದು ಬಾಗಿಲಿತ್ತು.

ನಮ್ಮಲ್ಲಿ ಆ ಬಾಗಿಲು ಮೊದಲು ತೆರೆದದ್ದು ಮುಂಬೈಯಲ್ಲಿ. ಅಲ್ಲಿನ ಮಹಾನಗರಪಾಲಿಕೆ ಮತ್ತು ‘ಸೆಹತ್’ ಸಂಸ್ಥೆ ಸೇರಿ 2000ನೇ ಇಸವಿಯಲ್ಲಿ ಬಾಂದ್ರಾದ ಭಾಭಾ ಆಸ್ಪತ್ರೆಯೊಳಗೆ ‘ದಿಲಾಸಾ’ ಎಂಬ ವಿಭಾಗ ಶುರುಮಾಡಿದವು. ಹೊರಗಿನ ಎನ್‌ಜಿಒದವರ ಮೇಜಲ್ಲ ಅದು, ಎಕ್ಸ್‌ರೇ ವಿಭಾಗ ಇದ್ದಂತೆ ಆಸ್ಪತ್ರೆಯದೇ ವಿಭಾಗ. ವಿಷ ಕುಡಿದು ಬಂದವಳನ್ನು ವಾರ್ಡಿನ ಸಿಸ್ಟರ್ ಅಲ್ಲಿಗೆ ಕಳಿಸುತ್ತಾರೆ. ಇವತ್ತು ಮನೆಗೆ ಹೋದರೆ ಜೀವಕ್ಕೆ ಅಪಾಯ ಎನಿಸಿದರೆ ಒಂದೆರಡು ದಿನ ‘ನಿಗಾದಲ್ಲಿಡಬೇಕು’ ಎಂದು ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುವ ದಾರಿಯಿದೆ. ಗಂಡನಿಗೆ ಎದುರು ಮಾತಾಡಲು ಎಡೆ ಸಿಗುವುದಿಲ್ಲ, ಡಾಕ್ಟರು ಹೇಳಿದ್ದಾರಲ್ಲ! ಮುಂದೆ ಮುಂಬೈಯ ಹತ್ತಕ್ಕೂ ಹೆಚ್ಚು ಆಸ್ಪತ್ರೆಗಳಿಗೆ ಇದು ಹಬ್ಬಿತು, ಕೇರಳ ‘ಭೂಮಿಕಾ’ ಎಂಬ ಹೆಸರಲ್ಲಿ ಜಿಲ್ಲಾಸ್ಪತ್ರೆಗಳಲ್ಲಿ ತೆರೆಯಿತು. ಬೆಳಗಾವಿ ಸೀಮೆಯ ನಮ್ಮವರು ಚಿಕಿತ್ಸೆಗೆ ಹೋಗುವ ಮಿರಜ್‌ನ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಸೆಹತ್ ವೈದ್ಯರಿಗೇ ತರಬೇತಿ ಕೊಟ್ಟಿದೆ.

ಕರ್ನಾಟಕದಲ್ಲಿ ನೊಂದ ಮಹಿಳೆಯರಿಗಾಗಿ ಸಾಂತ್ವನ ಕೇಂದ್ರಗಳಿವೆ, 2015ರಿಂದ ಕೇಂದ್ರ ಸರ್ಕಾರದ ‘ಸಖಿ’ ಕೇಂದ್ರಗಳಿವೆ, 181 ಸಹಾಯವಾಣಿ ಇದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಅದರ ನಿಯಮದ ಪ್ರಕಾರ, ಮೊದಲೇ ದೂರು ಬರೆಸಿಲ್ಲ ಎಂಬ ಕಾರಣಕ್ಕೆ ಯಾವ ಆಸ್ಪತ್ರೆಯೂ ಚಿಕಿತ್ಸೆ ನಿರಾಕರಿಸುವಂತಿಲ್ಲ, ವೈದ್ಯಕೀಯ ವರದಿಯ ಪ್ರತಿಯನ್ನು ಅವಳಿಗೆ ಪುಕ್ಕಟೆ ಕೊಡಬೇಕು. ಇದನ್ನು ಕೇಳಿ ಪಡೆದವರು ಎಷ್ಟು ಮಂದಿ ಇದ್ದಾರು? ಕಾಯ್ದೆ ಹೇಳುವ ಸಂರಕ್ಷಣಾಧಿಕಾರಿಯ ಹೊಣೆ ನಮ್ಮ ತಾಲ್ಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ (ಸಿಡಿಪಿಒ) ಹೆಗಲಿಗೆ ಬಿತ್ತು. ಅಂಗನವಾಡಿಯ ಮೊಟ್ಟೆ, ಹಾಲಿನಪುಡಿ, ಕಟ್ಟಡದ ಬಾಡಿಗೆಗಳ ನಡುವೆ ಅವರು ಹಿಂಸೆಯ ವರದಿಯನ್ನೂ ತುಂಬಬೇಕು.

ಈ ಎಲ್ಲ ವ್ಯವಸ್ಥೆಗಳನ್ನು ರೂಪಿಸಿದ ಸಭೆಗಳಲ್ಲಿ ಅಧಿಕಾರಿಗಳಿದ್ದರು, ವಕೀಲರಿದ್ದರು, ಕೆಲವೊಮ್ಮೆ ಮಹಿಳಾ ಸಂಘಟನೆಗಳೂ ಇದ್ದವು. ಅವುಗಳನ್ನು ಬಳಸಿದವಳು, ಬಳಸಿ ಬೇಸತ್ತವಳು ಇದ್ದಂತೆ ಕಾಣುವುದಿಲ್ಲ. ಸಂಶೋಧನೆಯಲ್ಲೂ ಅದೇ ಕಥೆ. ಔಷಧ ಪ್ರಯೋಗಗಳ 2019ರ ನಿಯಮ, ಪ್ರಯೋಗಕ್ಕೆ ಒಪ್ಪಿಗೆ ಕೊಡುವ ಪ್ರತಿ ಎತಿಕ್ಸ್ (ನೈತಿಕ) ಕಮಿಟಿಯಲ್ಲಿ ಒಬ್ಬ ಜನಸಾಮಾನ್ಯ ಸದಸ್ಯ, ಒಬ್ಬ ಮಹಿಳೆ ಇರಲೇಬೇಕು ಎನ್ನುತ್ತದೆ. ಜನಸಾಮಾನ್ಯರ ಕುರ್ಚಿಗೆ ಕಾಲೇಜಿಗೆ ಪರಿಚಯವಿರುವ ನಿವೃತ್ತ ಮೇಷ್ಟ್ರೋ ಬ್ಯಾಂಕ್ ಮ್ಯಾನೇಜರೋ ಬಂದು ಕೂತರೆ ನಿಯಮ ಪಾಲನೆಯಾಯಿತು.

ಇದರಿಂದ ಏನು ತಪ್ಪಿಹೋಗುತ್ತದೆ ಎಂಬುದಕ್ಕೆ ಒಂದೇ ಒಂದು ಕಾಗದ ಸಾಕು. ಸಂಶೋಧನೆಗೆ ಒಪ್ಪಿದವರಿಗೆ ಒಪ್ಪಿಗೆ ಪತ್ರದ, ಮಾಹಿತಿ ಹಾಳೆಯ ಪ್ರತಿ ಕೊಡಬೇಕು. ಅದು ರೋಗಿಯ ಹಕ್ಕು, ಎತಿಕ್ಸ್ ಕಮಿಟಿ ಪಟ್ಟು ಹಿಡಿದು ಕೇಳುವ ಸಂಗತಿ. ಮಧುಮೇಹದ ಅಧ್ಯಯನಕ್ಕೆ ಸರಿಯೇ. ಗಂಡನ ಹಿಂಸೆಯ ಅಧ್ಯಯನದಲ್ಲಿ ಆ ಹಾಳೆ ಮಡಚಿ ಅವಳ ಪರ್ಸಿಗೆ ಹೋಗುತ್ತದೆ, ಪರ್ಸು ಮನೆಗೆ ಹೋಗುತ್ತದೆ. ಪರ್ಸು ತಡಕಾಡುವ ಗಂಡನ ಜೊತೆ ಬಾಳಿದವಳೊಬ್ಬಳು ಕಮಿಟಿಯಲ್ಲಿದ್ದರೆ ಮೊದಲ ನಿಮಿಷದಲ್ಲೇ ಕೇಳುತ್ತಿದ್ದಳು: ‘ಇದನ್ನ ಎಲ್ಲಿ ಬಚ್ಚಿಡ್ಲಿ?’ ಆರು ತಿಂಗಳ ನಂತರ ಫೋನ್ ಮಾಡಿ ವಿಚಾರಿಸುತ್ತೇವೆ ಎಂಬ ಸಾಲಿಗೂ ಅವಳ ಬಳಿ ಪ್ರಶ್ನೆ ಇರುತ್ತಿತ್ತು. ಮನೆಯಲ್ಲಿ ಒಂದೇ ಫೋನ್ ಇದ್ದರೆ ಎತ್ತುವವರು ಯಾರು?

ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಇಂಥ ಅನುಭವವಿರುವ ಮಹಿಳೆಯರದೇ ಒಂದು ಗುಂಪಿದೆ. ‘ವೀವರ್ಸ್’ ಎಂದು ಹೆಸರು. ಸಂಶೋಧಕರ ಯೋಜನೆಗಳನ್ನು ಅವರು ಓದಿ, ತಿದ್ದಿ, ಬೇಡವೆನಿಸಿದ್ದನ್ನು ಬೇಡವೆನ್ನುತ್ತಾರೆ. ಇಂಥ ಕೆಲಸಕ್ಕೆ ಷರತ್ತುಗಳಿವೆ. ಅವರ ಸಮಯಕ್ಕೆ ಸಂಭಾವನೆ ಕೊಡಬೇಕು. ಸಭೆಗೆ ಬಂದು ತಮ್ಮ ಕಥೆ ಹೇಳಲೇಬೇಕೆಂದು ಒತ್ತಾಯಿಸಬಾರದು, ಅವರು ಬಂದಿರುವುದು ಕಥೆ ಹೇಳಲು ಅಲ್ಲ, ತೀರ್ಮಾನ ಹೇಳಲು. ಒಬ್ಬಳನ್ನೇ ಕರೆದು ಮೂಲೆಯಲ್ಲಿ ಕೂರಿಸಿ ಫೋಟೊ ತೆಗೆದು ಕಳಿಸಬಾರದು. ಎಲ್ಲ ಹೆಂಗಸರ ಪರವಾಗಿ ಒಬ್ಬಳು ಮಾತಾಡಬಲ್ಲಳು ಎಂಬ ಭ್ರಮೆಯೂ ಬೇಡ. ಇಂಗ್ಲಿಷ್ ಬಲ್ಲ, ನಗರದ, ಹೊರಬಂದು ನೆಲೆ ನಿಂತವಳ ಅನುಭವ ಇನ್ನೂ ಮನೆಯೊಳಗೇ ಇರುವವಳದ್ದಲ್ಲ.

ಇದೆಲ್ಲ ಶ್ರೀಮಂತ ದೇಶಗಳ ಶೋಕಿ ಎನ್ನುವವರಿಗೆ ಬಾಗಲಕೋಟೆಯನ್ನು ತೋರಿಸಬೇಕು. ಅಲ್ಲಿ ಲೈಂಗಿಕ ವೃತ್ತಿಯಲ್ಲಿರುವ ಮಹಿಳೆಯರದೇ ಒಂದು ಸಂಘಟನೆಯಿದೆ, ಚೈತನ್ಯ ಏಡ್ಸ್ ತಡೆಗಟ್ಟುವ ಮಹಿಳಾ ಸಂಘ. ಗಿರಾಕಿಗಳ, ಪೊಲೀಸರ ಹೊಡೆತಗಳ ಬಗ್ಗೆ ಏಡ್ಸ್ ಯೋಜನೆಗಳು ಮಾತಾಡುತ್ತಿದ್ದವು. ಆದರೆ ಹೊಡೆಯುವವನು ಬಹಳ ಸಲ ಗಿರಾಕಿಯಲ್ಲ, ಗಂಡನಂತೆ ಜೊತೆಗಿರುವ ಕಾಯಂ ಸಂಗಾತಿ. ಅವನ ಮುಂದೆ ಕಾಂಡೋಮ್ ಮಾತೆತ್ತಿದರೆ ನಂಬಿಕೆಯಿಲ್ಲವೇ ಎಂಬ ಜಗಳ. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಲಂಡನ್ನಿನ ಆರೋಗ್ಯ ವಿದ್ಯಾಸಂಸ್ಥೆಯ ಸಂಶೋಧಕರು ಈ ಸಂಘದ ಜೊತೆ ಸೇರಿ ‘ಸಂವೇದನಾ ಪ್ಲಸ್’ ಎಂಬ ಪ್ರಯೋಗ ಮಾಡಿದರು. 47 ಹಳ್ಳಿಗಳು, ಆರುನೂರಕ್ಕೂ ಹೆಚ್ಚು ಮಹಿಳೆಯರು. ಯಾವ ಹಳ್ಳಿಯಲ್ಲಿ ಕಾರ್ಯಕ್ರಮ ಮೊದಲು ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿ, ಉಳಿದ ಹಳ್ಳಿಗಳ ಜೊತೆ ಹೋಲಿಸುವ ಕಟ್ಟುನಿಟ್ಟಿನ ವಿಧಾನ. ಹೆಂಗಸರ ಗುಂಪು ಸಭೆಗಳು, ಸಂಗಾತಿಗಳ ಜೊತೆ ಮಾತುಕತೆ, ರಾತ್ರಿ ಕರೆದರೂ ಓಡಿಬರುವ ತಂಡ.

ಫಲಿತಾಂಶ ಬಂದಾಗ ಹಿಂಸೆ ಇಳಿಯಿತು ಎಂದು ಹೇಳುವಂಥ ಪುರಾವೆ ಸಿಗಲಿಲ್ಲ. ಕಾಂಡೋಮ್ ಬಳಕೆಯಲ್ಲೂ ವ್ಯತ್ಯಾಸ ಕಾಣಲಿಲ್ಲ. ಆದರೆ ಹೊಡೆಯುವುದು ಸರಿ ಎನ್ನುವವರು ಆ ಹಳ್ಳಿಗಳಲ್ಲಿ ಕಡಿಮೆಯಾಗಿದ್ದರು. ತಮ್ಮನ್ನು ತಾವು ಕಾಪಾಡಿಕೊಳ್ಳುವ ಉಪಾಯ ಬಲ್ಲವರು ಹೆಚ್ಚಿದ್ದರು, ಒಬ್ಬರಿಗೊಬ್ಬರು ಆಗುತ್ತೇವೆ ಎನ್ನುವವರೂ ಹೆಚ್ಚಿದ್ದರು. ಹಣ ಕೊಟ್ಟವರು ಕೇಳುವ ಮೊದಲ ಪ್ರಶ್ನೆ ‘ಹೊಡೆತ ಎಷ್ಟು ಕಡಿಮೆಯಾಯಿತು’ ಎಂಬುದು. ಆ ಅಳತೆಯಲ್ಲಿ ಇದು ಸೋಲು. ಹೊಡೆಯುವ ಕೈ ಅವನದು, ಅದನ್ನು ನಿಲ್ಲಿಸಿದ ಅಂಕಗಳನ್ನು ಮಾತ್ರ ಅವಳ ಕಾರ್ಯಕ್ರಮದಿಂದ ಕೇಳುತ್ತಿದ್ದೇವೆ ಎಂಬುದನ್ನು ನಾವು ಮರೆಯುತ್ತೇವೆ. ರಾತ್ರಿ ಹೊರಹಾಕಿದರೆ ತಟ್ಟಲು ಒಂದು ಬಾಗಿಲಿದೆಯೇ, ಮಗು ಬೆಚ್ಚಿಬೀಳದೆ ಮಲಗುತ್ತದೆಯೇ, ದುಡಿದ ದುಡ್ಡು ಕೈಯಲ್ಲಿ ಉಳಿಯುತ್ತಿದೆಯೇ ಎಂಬಂಥ ಪ್ರಶ್ನೆಗಳು ಅಳತೆಪಟ್ಟಿಗೆ ಬರಬೇಕೋ ಬೇಡವೋ, ಬಂದರೆ ಯಾವುದು ಮೊದಲು, ಇದನ್ನು ಪ್ರಯೋಗ ಶುರುವಾಗುವ ಮುನ್ನವೇ ಗೊತ್ತುಮಾಡಬೇಕಾಗುತ್ತದೆ. ಅದಕ್ಕಾಗಿ ಸಂಘದ ಹೆಣ್ಣುಮಕ್ಕಳು ಒಂದೆರಡು ದಿನ ಸಂಶೋಧಕರ ಜೊತೆ ಕೂರಬೇಕು. ಆ ದಿನಗಳ ಕೂಲಿ, ಮಗುವನ್ನು ನೋಡಿಕೊಳ್ಳುವವರ ಖರ್ಚು, ಊರಿಂದ ಬಂದು ಹೋಗುವ ಬಸ್ ಚಾರ್ಜು ಅನುದಾನದ ಅರ್ಜಿಯ ಲೆಕ್ಕದಲ್ಲಿ ಇರಬೇಕು.